ವರ್ಷಗಟ್ಟಲೆ ನಿಂತ ಬೈಕಲ್ಲಿ ಕರೆಂಟ್ ಎಲ್ಲಿ ನಿಂತಿದೆ ಅಂತ ಹುಡುಕೋದು ಹೇಗೆ

ಅಪ್ಪಯ್ಯನ ಗಾಡಿ ಎರಡು ಮಳೆಗಾಲ ಪೂರ್ತಿ ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ ನಿಂತಿತ್ತು. 2012ರ ಮಾಡೆಲ್, 150 ಸಿಸಿ, ಕಾರ್ಬೊರೇಟರ್ ಗಾಡಿ, ಸೆಲ್ಫೂ ಇದೆ ಕಿಕ್ಕರೂ ಇದೆ. ಮಂಡಿ ಆಪರೇಷನ್ ಆದ್ಮೇಲೆ ಅವರು ಹತ್ತೋದು ಬಿಟ್ರು, ನಾನು ಬೆಂಗಳೂರಲ್ಲಿ, ಹಾಗಾಗಿ ಯಾರೂ ಮುಟ್ಟಿರ್ಲಿಲ್ಲ. ನಮ್ಮೂರು ಸಾಗರದ ಕಡೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಹಗ್ಗದ ಮೇಲಿನ ಬಟ್ಟೆನೇ ಒಣಗಲ್ಲ, ಚರ್ಮದ ಚಪ್ಪಲಿ ಒಂದು ವಾರ ಮೂಲೇಲಿಟ್ರೆ ಬೂಷ್ಟು ಹಿಡಿಯತ್ತೆ, ಇನ್ನು ತಾಮ್ರದ ವೈರಿನ ಗತಿ ಏನಾಗಿರತ್ತೆ ನೀವೇ ಯೋಚ್ನೆ ಮಾಡಿ. ಈ ಸಲ ದೀಪಾವಳಿಗೆ ಹೋದಾಗ ಕೀ ಆನ್ ಮಾಡಿದೆ, ನ್ಯೂಟ್ರಲ್ ಲೈಟೂ ಹತ್ತಲಿಲ್ಲ.

ಪೇಟೆಯಿಂದ ಮೆಕ್ಯಾನಿಕ್ ಒಬ್ರನ್ನ ಕರೆಸಿದ್ವಿ. ಹತ್ತು ನಿಮಿಷ ನೋಡಿ ಬ್ಯಾಟ್ರಿ, ಸೆಲ್ಫ್ ರಿಲೇ (ಬಟನ್ ಒತ್ತಿದಾಗ ಮೋಟಾರಿಗೆ ಕರೆಂಟ್ ಬಿಡೋ ಸ್ವಿಚ್ಚು), ಸೆಲ್ಫ್ ಮೋಟಾರು, ಸಿಡಿಐ (ಪ್ಲಗ್ಗಲ್ಲಿ ಕಿಡಿ ಬರಿಸೋ ಡಬ್ಬಿ), ಕಟೌಟು (ಚಾರ್ಜಿಂಗ್ ವೋಲ್ಟೇಜ್ ಹತೋಟೀಲಿಡೋ ರೆಗ್ಯುಲೇಟರ್) ಎಲ್ಲಾ ಹೋಗಿದೆ ಸಾರ್, ವೈರಿಂಗ್ ಕಿಟ್ಟೇ ಹೊಸದು ಹಾಕಿಬಿಡಿ ಅಂದ್ರು. ನಂಗೆ ಮನಸ್ಸು ಬರ್ಲಿಲ್ಲ. ಮೂರು ದಿನ ಕೂತು ನಾನೇ ಹುಡುಕಿದೆ. ಕೊನೆಗೆ ನಿಜವಾಗ್ಲೂ ಹೋಗಿದ್ದು ಬ್ಯಾಟ್ರಿ ಒಂದೇ, ಉಳಿದದ್ದೆಲ್ಲಾ ಕಿಲುಬು, ಸಡಿಲ ಕಪ್ಲರು (ವೈರುಗಳನ್ನ ಸೇರಿಸೋ ಪ್ಲಾಸ್ಟಿಕ್ ಜಾಯಿಂಟು), ಇಲಿ ಕಡಿದ ಎರಡು ವೈರು. ನಿಂತ ಗಾಡೀಲಿ ಪಾರ್ಟು ಸಾಯೋದು ಕಮ್ಮಿ, ಪಾರ್ಟಿಂದ ಪಾರ್ಟಿಗೆ ಹೋಗೋ ದಾರಿ ಕೆಡೋದೇ ಜಾಸ್ತಿ. ಅದಕ್ಕೇ ಹೊಸ ಸಾಮಾನು ತರೋ ಮುಂಚೆ ಬ್ಯಾಟ್ರಿಯಿಂದ ಹೊರಟು ಕರೆಂಟ್ ಎಲ್ಲಿವರೆಗೆ ಬಂದಿದೆ ಅಂತ ಒಂದೊಂದೇ ಜಾಗದಲ್ಲಿ ಅಳೀತಾ ಹೋಗಿ ಅಂತ ನಾನು ಇಷ್ಟು ಉದ್ದ ಬರೀತಿರೋದು.

ಬೇಕಾಗೋದು ಜಾಸ್ತಿ ಏನಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, ಕಮ್ಮಿ ರೇಟಿಂದೂ ಆಗತ್ತೆ. ಹಳೇ ಬ್ರೇಕ್ ಲೈಟ್ ಬಲ್ಬು ಒಂದು, ಅದರ ಹೋಲ್ಡರ್‌ಗೆ ಎರಡು ವೈರು ಹಾಕಿ ಟೆಸ್ಟ್ ಲ್ಯಾಂಪ್ ಮಾಡ್ಕೊಳಿ, ಮುಂದೆ ಇದು ತುಂಬಾ ಕೆಲಸಕ್ಕೆ ಬರತ್ತೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ನುಣುಪು ಎಮ್ರಿ ಪೇಪರ್, ಹಳೇ ಟೂತ್ ಬ್ರಷ್, ವ್ಯಾಸಲೀನ್, ಸ್ಪೇರ್ ಫ್ಯೂಸು ನಾಲ್ಕೈದು.

ಮೊದಲು ಬ್ಯಾಟ್ರಿ

ಬಿಚ್ಚೋವಾಗ ಮೊದಲು ಮೈನಸ್ ಬಿಚ್ಚಿ, ಹಾಕೋವಾಗ ಕೊನೆಗೆ ಮೈನಸ್ ಹಾಕಿ. ಪ್ಲಸ್ ಬಿಚ್ಚೋವಾಗ ಸ್ಪ್ಯಾನರ್ ಚಾಸಿಗೆ ತಾಗಿದ್ರೂ ಮೈನಸ್ ಆಗ್ಲೇ ಕಳಚಿರೋದ್ರಿಂದ ಕಿಡಿ ಹಾರಲ್ಲ, ಅಷ್ಟೇ ಕಾರಣ, ಆದ್ರೆ ಇದನ್ನ ಮರೆತು ಸ್ಪ್ಯಾನರ್ ಸುಟ್ಕೊಂಡವ್ರು ಸುಮಾರು ಜನ ಇದಾರೆ.

ಬ್ಯಾಟ್ರಿ ಟರ್ಮಿನಲ್ ಮೇಲೇ ಮೀಟರ್ ಇಟ್ಟು ವೋಲ್ಟೇಜ್ ನೋಡಿ. ಫುಲ್ ಚಾರ್ಜ್ ಆದ 12 ವೋಲ್ಟಿನ ಬ್ಯಾಟ್ರಿ ಸುಮ್ನೆ ಇದ್ದಾಗ 12.6ರಿಂದ 12.8 ತೋರ್ಸತ್ತೆ, 12.2 ಅಂದ್ರೆ ಹೆಚ್ಚುಕಮ್ಮಿ ಅರ್ಧ ಖಾಲಿ, 12ಕ್ಕಿಂತ ಕೆಳಗೆ ಇಳಿದ್ರೆ ಖಾಲಿ ಅಂತಲೇ ಲೆಕ್ಕ. 10.5ರ ಆಸುಪಾಸು ನಿಂತು ಎಷ್ಟು ಚಾರ್ಜ್ ಹಾಕಿದ್ರೂ ಮೇಲೆ ಬರದಿದ್ರೆ ಒಳಗಿನ ಆರು ಸೆಲ್‌ನಲ್ಲಿ ಒಂದು ಸತ್ತಿರೋ ಸಾಧ್ಯತೆ ಜಾಸ್ತಿ, ಒಂದೊಂದು ಸೆಲ್ಲು ಎರಡು ವೋಲ್ಟ್ ಚಿಲ್ಲರೆ ಕೊಡೋದಲ್ವಾ. ನಮ್ಮದು 3.4 ತೋರಿಸ್ತು. ಎರಡು ವರ್ಷ ಖಾಲಿ ಬಿದ್ದಿದ್ರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡತ್ತೆ, ಆಮೇಲೆ ಚಾರ್ಜೇ ಹಿಡಿಯಲ್ಲ. ಆದ್ರೂ ಒಂದು ರಾತ್ರಿ ಚಾರ್ಜಿಗೆ ಹಾಕಿ ನೋಡಿದೆ, ಬೆಳಿಗ್ಗೆ 12.5 ಇತ್ತು, ಸಂತೋಷ ಆಯ್ತು, ಹಾರ್ನ್ ಒತ್ತಿದ ತಕ್ಷಣ 8ಕ್ಕೆ ಬಿತ್ತು. ಹಾಗಾಗಿ ಬರೀ ವೋಲ್ಟೇಜ್ ನೋಡಿ ಬ್ಯಾಟ್ರಿ ಚೆನ್ನಾಗಿದೆ ಅನ್ಬೇಡಿ, ಹೀಗೆ ಹಾರ್ನೋ ಲೈಟೋ ಹಾಕಿ ಲೋಡ್ ಕೊಟ್ಟು ನೋಡಿ.

ಚಾರ್ಜ್ ಹಾಕೋವಾಗ, ಬ್ಯಾಟ್ರಿ ಎಷ್ಟು ಹಿಡಿಯತ್ತೆ ಅಂತ ಹೇಳೋ ಆಂಪಿಯರ್ ಅವರ್‌ನ ಹತ್ತನೇ ಒಂದು ಭಾಗದಷ್ಟು ಕರೆಂಟ್ ಸಾಕು, 9 ಆಂಪಿಯರ್ ಅವರ್ ಬ್ಯಾಟ್ರಿಗೆ 0.9 ಆಂಪಿಯರ್. ಕಾರ್ ಬ್ಯಾಟ್ರಿಗೆ ಹಾಕೋ ದೊಡ್ಡ ಚಾರ್ಜರ್ ಹಾಕಿದ್ರೆ ಬಿಸಿಯಾಗಿ ಉಬ್ಬತ್ತೆ. ಗಾಳಿ ಆಡೋ ಜಾಗದಲ್ಲಿಡಿ, ಚಾರ್ಜ್ ಆಗೋವಾಗ ಹೈಡ್ರೋಜನ್ ಬರತ್ತೆ, ಹತ್ತಿರ ಬೀಡಿ ಸಿಗರೇಟು ಬೇಡ. ಆಸಿಡ್ ಬ್ಯಾಟ್ರಿ ಆದ್ರೆ ಲೆವೆಲ್ ಕಮ್ಮಿ ಇದ್ದಲ್ಲಿ ಡಿಸ್ಟಿಲ್ಡ್ ವಾಟರ್ ಮಾತ್ರ, ಬಾವಿ ನೀರು ಎಷ್ಟೇ ತಿಳಿ ಇದ್ರೂ ಹಾಕ್ಬೇಡಿ. ಕಾರಿಂದ ಜಂಪ್ ಕೊಡೋದಾದ್ರೆ ಕಾರ್ ಇಂಜಿನ್ ಆಫ್ ಇರ್ಲಿ. ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರತ್ತೆ, ಅದರ ತಂಟೆಗೇ ಹೋಗ್ಬೇಡಿ. ಹಳೇ ಜಾವಾ, ಯೆಜ್ಡಿ ಇಟ್ಕೊಂಡೋರು ಬಹುತೇಕ 6 ವೋಲ್ಟ್ ಗಾಡಿ ಅನ್ನೋದು ಮರೀಬೇಡಿ, ನಾನು ಇಲ್ಲಿ ಹೇಳೋ ವೋಲ್ಟೇಜ್ ನಂಬರ್‌ಗಳೆಲ್ಲ ನಿಮಗೆ ಅರ್ಧ.

ಹೊಸ ಬ್ಯಾಟ್ರಿ ಹಾಕಿದ್ರೂ ಸೆಲ್ಫು ಬರೀ ಟಕ್ ಅನ್ನೋದು

ಇಲ್ಲೇ ಜನ ದುಡ್ಡು ಕಳ್ಕೊಳೋದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳ್ತೀನಿ.

ಹೊಸ ಬ್ಯಾಟ್ರಿ ಹಾಕಿದೆ, 12.7 ಇದೆ, ನ್ಯೂಟ್ರಲ್ ಲೈಟ್ ಹತ್ತಿತು, ಹಾರ್ನೂ ಬಂತು. ಸೆಲ್ಫ್ ಒತ್ತಿದ್ರೆ ಟಕ್ ಅನ್ನತ್ತೆ, ಮೋಟಾರು ತಿರುಗಲ್ಲ. ಕಿಕ್ಕರ್ ಒದ್ದು ನೋಡಿದೆ, ಇಂಜಿನ್ ಆರಾಮಾಗಿ ತಿರುಗ್ತಿದೆ, ಜಾಮ್ ಆಗಿಲ್ಲ. ಅಲ್ಲಿಗೆ ರಿಲೇ ಹೋಗಿದೆ ಇಲ್ಲಾ ಮೋಟಾರು ಹೋಗಿದೆ ಅಂತ ಎಲ್ಲರೂ ತೀರ್ಮಾನ ಮಾಡಿಬಿಡ್ತಾರೆ.

ನೀವು ಮೀಟರನ್ನ ಬ್ಯಾಟ್ರಿ ಮೇಲೇ ಇಟ್ಟು ಇನ್ನೊಬ್ರ ಹತ್ರ ಸೆಲ್ಫ್ ಒತ್ತಿಸಿ. ವೋಲ್ಟೇಜು 9.5ಕ್ಕಿಂತ ಕೆಳಗೆ ಬಿದ್ರೆ ಬ್ಯಾಟ್ರಿ ವೀಕು ಇಲ್ಲಾ ಮೋಟಾರು ಹಿಡ್ಕೊಂಡಿದೆ. ನಮ್ಮದ್ರಲ್ಲಿ 11.9ರಲ್ಲಿ ನಿಂತಿತ್ತು. ಅಂದ್ರೆ ಬ್ಯಾಟ್ರಿ ಕೊಡೋಕೆ ರೆಡಿ ಇದೆ, ಮೋಟಾರಿಗೆ ಮುಟ್ತಾ ಇಲ್ಲ, ನಡುವೆ ಎಲ್ಲೋ ತಡೆ ಇದೆ. ಈಗ ಕೆಂಪು ಪ್ರೋಬ್ ಇಂಜಿನ್ನಿನ ಪೇಂಟಿಲ್ಲದ ಲೋಹಕ್ಕೆ, ಕಪ್ಪು ಪ್ರೋಬ್ ಬ್ಯಾಟ್ರಿ ಮೈನಸ್ ಪೋಸ್ಟಿಗೆ, ಬೋಲ್ಟಿಗಲ್ಲ, ಪೋಸ್ಟಿಗೇ ಇಟ್ಟು ಸೆಲ್ಫ್ ಒತ್ತಿಸಿ. ಎರಡೂ ಅರ್ಥೇ (ಕರೆಂಟ್ ಬ್ಯಾಟ್ರಿ ಮೈನಸ್ಸಿಗೆ ವಾಪಸ್ ಬರೋ ದಾರಿ) ಆಗಿರೋದ್ರಿಂದ ಇಲ್ಲಿ ಸೊನ್ನೆ ಬರ್ಬೇಕು, ಹೆಚ್ಚಂದ್ರೆ 0.2, 0.3. ನಂಗೆ ಬಂದಿದ್ದು 5.2 ವೋಲ್ಟ್! ಐದು ವೋಲ್ಟು ಅರ್ಥ್ ದಾರೀಲೇ ಸೋರಿಹೋಗ್ತಿದ್ರೆ ಮೋಟಾರ್ ಪಾಪ ಏನ್ ತಿರುಗತ್ತೆ.

ಚೈನ್ ಸ್ಪ್ರಾಕೆಟ್ ಕವರ್ ಹತ್ರ ಇಂಜಿನ್ನಿಗೆ ಒಂದು ದಪ್ಪ ಕಪ್ಪು ವೈರು ಬಂದು 10ನೇ ಸ್ಪ್ಯಾನರಿನ ಬೋಲ್ಟಲ್ಲಿ ಕೂತಿರತ್ತೆ, ಅದೇ ಅರ್ಥ್. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ, ಬೋಲ್ಟೂ ಟೈಟಾಗಿತ್ತು. ಬಿಚ್ಚಿದಾಗ ಲಗ್ಗಿನ (ವೈರ್ ತುದಿಯ ಲೋಹದ ಬಳೆ) ಅಡಿಯಲ್ಲಿ ಹಳೇ ತಾಮ್ರದ ಚೊಂಬಿನ ತಳದ ಹಾಗೆ ಹಸಿರು ಕಿಲುಬು ಕಟ್ಟಿತ್ತು, ಇಂಜಿನ್ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ, ಉಗುರಲ್ಲಿ ಕೆರೆದ್ರೆ ಸುಣ್ಣದ ಹಾಗೆ ಉದುರ್ತಿತ್ತು. ಎಮ್ರಿ ಹಾಕಿ ಎರಡೂ ಕಡೆ ಹೊಳಪು ಬರೋ ತನಕ ಉಜ್ಜಿದೆ, ಬೋಲ್ಟಿನ ಥ್ರೆಡ್ಡು ಕ್ಲೀನ್ ಮಾಡಿ ಟೈಟ್ ಮಾಡಿ ಮೇಲಿಂದ ವ್ಯಾಸಲೀನ್ ಸವರಿದೆ. ಸೆಲ್ಫ್ ಒತ್ತಿದ ತಕ್ಷಣ ಇಂಜಿನ್ ಗರಗರ ತಿರುಗ್ತು. ಅದೇ ಜಾಗದಲ್ಲಿ ಅಳೆದ್ರೆ 0.15. ಖರ್ಚು ಒಂದು ಚೂರು ಎಮ್ರಿ ಪೇಪರ್.

ಇದನ್ನ ಮೀಟರಿನ ಬೀಪ್ ಸೌಂಡಲ್ಲಿ (ಎರಡು ಪ್ರೋಬಿನ ನಡುವೆ ದಾರಿ ಇದ್ರೆ ಬೀಪ್ ಅನ್ನೋ ಟೆಸ್ಟು) ಚೆಕ್ ಮಾಡಿದ್ರೆ ಸಿಗ್ತಿರ್ಲಿಲ್ಲ, ನಾನೂ ಮೊದಲು ಬೀಪ್ ಹಾಕಿ ನೋಡಿದ್ದೆ, ಬೀಪ್ ಬಂತು, ಅರ್ಥ್ ಸರಿ ಇದೆ ಅಂದ್ಕೊಂಡು ಅರ್ಧ ದಿನ ಬೇರೆ ಕಡೆ ಹುಡುಕಿದೆ. ಬೀಪ್ ಟೆಸ್ಟಲ್ಲಿ ಮೀಟರು ಕಳಿಸೋ ಕರೆಂಟು ಮಿಲಿ ಆಂಪಿಯರ್ ಲೆಕ್ಕದ್ದು, ಕೂದಲೆಳೆಯಷ್ಟು ಜಾಗ ತಾಗ್ತಿದ್ರೂ ಬೀಪ್ ಬರತ್ತೆ. ಸೆಲ್ಫ್ ಮೋಟಾರು ಶುರುವಲ್ಲಿ ಎಳೆಯೋದು ಐವತ್ತು ಆಂಪಿಯರ್ ಆಸುಪಾಸು. ಕಿಲುಬಿನಿಂದ ಬರೀ 0.1 ಓಮ್ ತಡೆ ಬಂದ್ರೂ 50ರಿಂದ ಗುಣಿಸಿ, 5 ವೋಲ್ಟು ಅಲ್ಲೇ ಹೋಯ್ತು. ಆ 0.1 ಓಮ್ ಮೀಟರಿನ ಪ್ರೋಬ್ ವೈರಿನ ತಡೆಯಲ್ಲೇ ಮುಚ್ಚಿಹೋಗತ್ತೆ. ಅದಕ್ಕೇ ದಪ್ಪ ವೈರುಗಳನ್ನ ಯಾವಾಗ್ಲೂ ಲೋಡಿನಲ್ಲೇ ಅಳೀಬೇಕು. ಪ್ಲಸ್ ಕಡೆನೂ ಇದೇ ರೀತಿ, ಬ್ಯಾಟ್ರಿ ಪ್ಲಸ್ಸಿಂದ ರಿಲೇ ತನಕ, ರಿಲೇಯ ಎರಡು ಬೋಲ್ಟಿನ ನಡುವೆ, ಅಲ್ಲಿಂದ ಮೋಟಾರಿನ ಬೋಲ್ಟ್ ತನಕ, ಸೆಲ್ಫ್ ಒತ್ತಿ ಹಿಡಿದು ಒಂದೊಂದೇ ನೋಡಿ. ಎಲ್ಲಿ ವೋಲ್ಟೇಜ್ ಕಾಣತ್ತೋ ಅಲ್ಲೇ ಕಾಯಿಲೆ. ಒಂದು ಸಲಕ್ಕೆ ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಒತ್ಬೇಡಿ, ಮೋಟಾರ್ ಬಿಸಿ ಆಗತ್ತೆ.

ಟಕ್ ಅನ್ನೋ ಸೌಂಡೂ ಇಲ್ಲ ಅಂದ್ರೆ ವಿಷಯ ಬೇರೆ, ಆಗ ಕ್ಲಚ್ ಸ್ವಿಚ್ಚು, ಸೈಡ್ ಸ್ಟ್ಯಾಂಡ್ ಸ್ವಿಚ್ಚು, ಸೆಲ್ಫ್ ಬಟನ್ ನೋಡಿ. ಸೈಡ್ ಸ್ಟ್ಯಾಂಡ್ ಸ್ವಿಚ್ಚು ನೆಲಕ್ಕೆ ಹತ್ರ ಇರೋದ್ರಿಂದ ಮಣ್ಣು ತುಂಬಿ ಸಿಕ್ಕಾಕೊಳೋದು ಮಾಮೂಲು.

ಇಂಜಿನ್ ತಿರುಗತ್ತೆ, ಸ್ಟಾರ್ಟ್ ಆಗಲ್ಲ

ಎರಡು ವರ್ಷದ ಪೆಟ್ರೋಲ್ ಮೊದಲು ಖಾಲಿ ಮಾಡಿ, ಕಾರ್ಬೊರೇಟರ್ ಬೌಲೂ ಖಾಲಿ ಮಾಡಿ. ಅದು ಎಲೆಕ್ಟ್ರಿಕಲ್ ಅಲ್ಲ, ಆದ್ರೆ ಕೆಟ್ಟ ಪೆಟ್ರೋಲ್ ಇಟ್ಕೊಂಡು ಸಿಡಿಐ ಬದಲಾಯಿಸಿದ್ರೆ ಏನೂ ಉಪಯೋಗ ಇಲ್ಲ.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ಯಾಪಿಗೆ ಹಾಕಿ, ಪ್ಲಗ್ಗಿನ ಲೋಹದ ಭಾಗ ಇಂಜಿನ್ನಿಗೆ ಒತ್ತಿ ಸೆಲ್ಫ್ ಕೊಡಿ. ಪ್ಲಗ್ ಹೋಲಿಂದ ದೂರ ಹಿಡೀರಿ, ಅಲ್ಲಿಂದ ಪೆಟ್ರೋಲ್ ಆವಿ ಬರತ್ತೆ, ಬೆಂಕಿ ಹತ್ಬಹುದು. ನೀಲಿ ಕಿಡಿ ಗಟ್ಟಿಯಾಗಿ ಬಂದ್ರೆ ಈ ಭಾಗ ಬಿಟ್ಟು ಮುಂದೆ ಹೋಗಿ. ನಮಗೆ ಕಿಡಿಯೇ ಇರ್ಲಿಲ್ಲ. ಇಲ್ಲೂ ಅದೇ ಕೆಲಸ, ಸಿಡಿಐಗೆ ಬರೋ ವೈರಲ್ಲಿ ಕೀ ಆನ್ ಇಟ್ಟು, ಕಪ್ಲರ್ ಹಾಕಿರೋವಾಗ್ಲೇ ಹಿಂದಿನಿಂದ ಪಿನ್ ತೂರಿಸಿ ಅಳೆದೆ. ಬ್ಯಾಟ್ರಿ ಹತ್ರ 12.6, ಸಿಡಿಐ ಹತ್ರ 7.8. ದಾರೀಲಿ ಇರೋದು ಕೀ ಸ್ವಿಚ್ಚು ಮತ್ತೆ ಹ್ಯಾಂಡಲ್ ಮೇಲಿನ ಕೆಂಪು ಕಿಲ್ ಸ್ವಿಚ್ಚು. ಕೀ ಸ್ವಿಚ್ ದಾಟಿದ ಮೇಲೂ 12.4 ಇತ್ತು, ಕಿಲ್ ಸ್ವಿಚ್ ದಾಟಿದ ಮೇಲೆ 7.8. ಎರಡು ವರ್ಷ ಒಂದೇ ಕಡೆ ನಿಂತು ಒಳಗಿನ ಹಿತ್ತಾಳೆ ಪಟ್ಟಿ ಕಪ್ಪಾಗಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮೂವತ್ತು ನಲ್ವತ್ತು ಸಲ ಆನ್ ಆಫ್ ಮಾಡಿದೆ, 12.3ಕ್ಕೆ ಬಂತು, ಕಿಡಿನೂ ಬಂತು, ಆದ್ರೆ ಕೆಂಪಗೆ, ಬಿಟ್ಟುಬಿಟ್ಟು.

ಅದು ಪ್ಲಗ್ ಕ್ಯಾಪಿನ ಕೆಲಸ. ಕ್ಯಾಪನ್ನ ಸ್ಕ್ರೂ ಥರ ತಿರುಗಿಸಿದ್ರೆ ಸಾಮಾನ್ಯವಾಗಿ ವೈರಿಂದ ಕಳಚಿ ಬರತ್ತೆ. ವೈರ್ ತುದಿಯ ತಾಮ್ರ ಪೂರ್ತಿ ಹಸಿರಾಗಿತ್ತು. ತುದಿಯಿಂದ ಅರ್ಧ ಸೆಂಟಿಮೀಟರ್ ಕಟ್ ಮಾಡಿ ಒಳಗಿನ ಹೊಳೆಯೋ ತಾಮ್ರ ಕಂಡ ಮೇಲೆ ಕ್ಯಾಪ್ ವಾಪಸ್ ತಿರುಗಿಸಿದೆ. ಕ್ಯಾಪನ್ನೂ ಅಳೆದು ನೋಡಿ, ರೆಸಿಸ್ಟರ್ ಕ್ಯಾಪ್ ಆಗಿದ್ರೆ ಸುಮಾರು 5 ಕಿಲೋ ಓಮ್ ಇರತ್ತೆ, ಏನೂ ತೋರಿಸದಿದ್ರೆ ಬದಲಾಯಿಸಿ.

ಬ್ಯಾಟ್ರಿ ಇಲ್ದೆ ಕಿಡಿ ಕೊಡೋ ಹಳೇ ಗಾಡಿಗಳಲ್ಲಿ ಕಿಲ್ ಸ್ವಿಚ್ಚಿನ ಲೆಕ್ಕ ಉಲ್ಟಾ, ಅಲ್ಲಿ ಕಿಲ್ ವೈರ್ ಅರ್ಥಿಗೆ ತಾಗಿದ್ರೆ ಕಿಡಿ ನಿಲ್ಲತ್ತೆ. ಅಂಥ ಗಾಡೀಲಿ ಸಿಡಿಐ ಹತ್ರ ಆ ವೈರಿನ ಕಪ್ಲರ್ ಕಳಚಿ ಕಿಕ್ ಹೊಡೆದು ನೋಡಿ, ಕಿಡಿ ಬಂದ್ರೆ ಸಿಡಿಐ ಸರಿ ಇದೆ, ಸ್ವಿಚ್ಚಲ್ಲೋ ವೈರಲ್ಲೋ ತೇವ ಕೂತಿದೆ ಅಂತ ಅರ್ಥ. ಕಳಚಿಟ್ಟಾಗ ಕೀ ಆಫ್ ಮಾಡಿದ್ರೂ ಇಂಜಿನ್ ನಿಲ್ಲಲ್ಲ, ಗೇರ್ ಹಾಕಿ ಬ್ರೇಕ್ ಹಿಡಿದು ಕ್ಲಚ್ ಬಿಟ್ಟು ನಿಲ್ಲಿಸ್ಬೇಕು, ಗೊತ್ತಿರ್ಲಿ.

2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳು ಬಹುತೇಕ ಫ್ಯೂಯಲ್ ಇಂಜೆಕ್ಷನ್. ಅವುಗಳಲ್ಲಿ ಕೀ ಆನ್ ಮಾಡಿದಾಗ ಟ್ಯಾಂಕ್ ಒಳಗಿಂದ ಪಂಪಿನ ಗುಂಯ್ ಅನ್ನೋ ಸೌಂಡ್ ಎರಡು ಮೂರು ಸೆಕೆಂಡ್ ಬರ್ಬೇಕು, ಬರದಿದ್ರೆ ಫ್ಯೂಸು, ಪಂಪಿನ ಕಪ್ಲರ್ ನೋಡಿ. ಬ್ಯಾಟ್ರಿ ವೀಕ್ ಇದ್ರೆ ಅವುಗಳಲ್ಲಿ ಏನೇನೋ ತಪ್ಪು ಎರರ್ ಬರತ್ತೆ, ಮೊದಲು ಬ್ಯಾಟ್ರಿ ಸರಿ ಮಾಡ್ಕೊಂಡು ಆಮೇಲೆ ನೋಡಿ. ಇಂಜಿನ್ ಓಡ್ತಿರೋವಾಗ ಬ್ಯಾಟ್ರಿ ಕಳಚೋದು ಯಾವ ಗಾಡೀಲೂ ಬೇಡ.

ಫ್ಯೂಸ್ ಹೋಗ್ತಾನೇ ಇದ್ರೆ

ಗಾಡಿ ಸ್ಟಾರ್ಟ್ ಆಯ್ತು, ಮನೆ ಮುಂದಿನ ಅಂಗಳದಲ್ಲಿ ಒಂದು ಸುತ್ತು ಹೊಡೆದೆ, ಎಡಕ್ಕೆ ತಿರುಗಿಸಿದ ತಕ್ಷಣ ಎಲ್ಲಾ ಆಫ್. ಫ್ಯೂಸ್ ಹೋಗಿತ್ತು. ಇನ್ನೊಂದು ಹಾಕಿದೆ, ಅದೂ ಹೋಯ್ತು. ಇಲ್ಲಿ ಫ್ಯೂಸ್ ಜಾಗಕ್ಕೆ ವೈರ್ ಎಳೆ ಸುತ್ತೋದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಹಾಕೋದು ದಯವಿಟ್ಟು ಮಾಡ್ಬೇಡಿ. ಶಾರ್ಟ್ ಹಾಗೇ ಉಳಿದಿರತ್ತೆ, ಫ್ಯೂಸ್ ಬದಲು ವೈರಿಂಗ್ ಸುಡತ್ತೆ, ಸೀಟಿನ ಅಡಿ ಬೆಂಕಿ ಬಂದ್ರೆ ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇರೋದು.

ಹುಡುಕೋಕೆ ಆ ಬ್ರೇಕ್ ಲೈಟ್ ಬಲ್ಬು ತಗೊಳಿ, 21 ವ್ಯಾಟಿನ ಫಿಲಮೆಂಟ್ ಉಪಯೋಗಿಸಿ, ಫ್ಯೂಸಿನ ಎರಡು ಪಿನ್ನಿನ ಜಾಗಕ್ಕೆ ಅದರ ಎರಡು ವೈರ್ ಕೊಡಿ. ಹೆಡ್‌ಲೈಟ್ ಆಫ್ ಇಟ್ಟು ಕೀ ಆನ್ ಮಾಡಿ. ಶಾರ್ಟ್ ಇಲ್ಲದಾಗ ಬಲ್ಬು ಹತ್ತಲ್ಲ ಇಲ್ಲಾ ಮಂಕಾಗಿ ಹತ್ತತ್ತೆ, ಶಾರ್ಟ್ ಆದಾಗ ಪೂರ್ತಿ ಪ್ರಕಾಶದಲ್ಲಿ ಉರಿಯತ್ತೆ. ಫ್ಯೂಸ್ ಒಂದಾದ ಮೇಲೊಂದು ಸುಡೋ ಬದಲು ಬಲ್ಬನ್ನ ನೋಡ್ತಾ ಆರಾಮಾಗಿ ವೈರ್ ಅಲ್ಲಾಡಿಸ್ತಾ ಹೋಗ್ಬಹುದು. ಹ್ಯಾಂಡಲ್ ನೇರ ಇದ್ದಾಗ ಮಂಕು, ಎಡಕ್ಕೆ ತಿರುಗಿಸಿದ್ರೆ ಝಗ್ ಅಂತ ಉರೀತು. ಹಾಗಾದ್ರೆ ಹ್ಯಾಂಡಲ್ ಜೊತೆ ಎಳೆಯೋ ವೈರಲ್ಲೇ ಇದೆ ಅಂತ ಹೆಡ್‌ಲೈಟ್ ಡೋಮ್ ಬಿಚ್ಚಿದೆ.

ಒಳಗೆ ಅರ್ಧ ಕುಂಬಾರ ಹುಳದ ಮಣ್ಣಿನ ಗೂಡು, ಇನ್ನರ್ಧ ಅಡಿಕೆ ಸಿಪ್ಪೆಯ ನಾರು, ಇಲಿ ತಂದು ಹಾಸಿಗೆ ಮಾಡ್ಕೊಂಡಿತ್ತು. ನಾರು ತೆಗೆದ್ರೆ ಎರಡು ವೈರಿನ ರಬ್ಬರು ಒಂದು ಇಂಚಿನಷ್ಟು ಪೂರ್ತಿ ಕಡಿದು ತಾಮ್ರ ಬೆತ್ತಲೆ, ಅದರಲ್ಲೊಂದು ಎಡಕ್ಕೆ ತಿರುಗಿಸಿದಾಗ ಹೋಗಿ ಚಾಸಿಗೆ ತಾಗ್ತಿತ್ತು. ತಾಮ್ರ ಕಪ್ಪಾದಷ್ಟು ಭಾಗ ಕಟ್ ಮಾಡಿ ಅದೇ ದಪ್ಪದ ಹೊಸ ವೈರ್ ತುಂಡು ಸೇರಿಸಿ ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಬರೀ ಸುತ್ತಿ ಇನ್ಸುಲೇಶನ್ ಟೇಪ್ ಹಾಕಿದ್ರೆ ನಮ್ಮ ಮಳೆಗಾಲಕ್ಕೆ ಟೇಪಿನ ಅಂಟು ಬಿಟ್ಟು ಮತ್ತೆ ಅದೇ ಕಥೆ.

ಲೈಟುಗಳ ವಿಷಯಕ್ಕೆ ಒಂದೇ ಮಾತು. ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಮಂಕಾಗಿ ಹತ್ತೋದು, ಇಂಡಿಕೇಟರ್ ಹಾಕಿದ್ರೆ ಟೈಲ್ ಲೈಟ್ ಮಿಣುಕೋದು, ಈ ಥರ ಒಂದಕ್ಕೊಂದು ಸಂಬಂಧ ಇಲ್ಲದ್ದು ಒಟ್ಟಿಗೆ ಹತ್ತಿದ್ರೆ ಹಿಂದಿನ ಲೈಟಿನ ಅರ್ಥ್ ಕಟ್ಟಾಗಿದೆ ಅಂತ ತಿಳ್ಕೊಳಿ, ತನ್ನ ದಾರಿ ಇಲ್ಲದ ಕರೆಂಟು ಪಕ್ಕದ ಬಲ್ಬಿನ ಮೂಲಕ ಹೋಗ್ತಿರತ್ತೆ. ಫ್ಲ್ಯಾಶರ್ (ಇಂಡಿಕೇಟರ್ ಮಿಣುಕಿಸೋ ಡಬ್ಬಿ) ಬದಲಾಯಿಸೋಕೆ ಹೋಗ್ಬೇಡಿ, ಬಲ್ಬ್ ಹೋಲ್ಡರ್ ಉಜ್ಜಿ.

ಚಾರ್ಜ್ ಆಗ್ತಿದೆಯಾ ನೋಡದೆ ಬಿಡ್ಬೇಡಿ

ಓಡ್ತಿದೆ ಅಂತ ಇಲ್ಲಿಗೇ ನಿಲ್ಲಿಸಿದ್ರೆ ಹೊಸ ಬ್ಯಾಟ್ರಿನೂ ಒಂದೆರಡು ವಾರದಲ್ಲಿ ಮಲಗತ್ತೆ, ಆಮೇಲೆ ಅಂಗಡಿಯವ್ರ ಜೊತೆ ವಾರಂಟಿಗೆ ಜಗಳ. ಇಂಜಿನ್ ಆನ್ ಇಟ್ಟು ಬ್ಯಾಟ್ರಿ ಮೇಲೆ ಮೀಟರ್ ಇಟ್ಟು 4000, 5000 ಆರ್‌ಪಿಎಂಗೆ ಎತ್ತಿ. 13.5ರಿಂದ 14.5ರ ಒಳಗೆ ಬರ್ಬೇಕು. 15 ದಾಟಿದ್ರೆ ಕಟೌಟ್ ಹೋಗಿದೆ, ಬಲ್ಬು, ಬ್ಯಾಟ್ರಿ ಎಲ್ಲಾ ಸುಡತ್ತೆ, ಓಡಿಸ್ಬೇಡಿ. ನಮ್ಮದು 12.5ರಿಂದ ಮೇಲೇಳಲಿಲ್ಲ.

ಕಟೌಟ್ ಕಡೆಗೆ ಮ್ಯಾಗ್ನೆಟ್ ಕಾಯಿಲಿಂದ (ಇಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸೋ ಸುರುಳಿ) ಬರೋ ಮೂರು ಹಳದಿ ವೈರಿನ ಕಪ್ಲರ್ ಕಳಚಿ, ಮೀಟರ್ ಎಸಿ ವೋಲ್ಟಿಗೆ ಇಟ್ಟು, ಇಂಜಿನ್ ಎತ್ತಿ ಎರಡೆರಡೇ ವೈರಿನ ನಡುವೆ ಅಳೀಬೇಕು. ಆರ್‌ಪಿಎಂ ಜೊತೆ ಏರ್ಬೇಕು, ಮೂರು ಜೋಡೀಲೂ ಹೆಚ್ಚುಕಮ್ಮಿ ಒಂದೇ ಬರ್ಬೇಕು. ನಮ್ಮದ್ರಲ್ಲಿ ಮೂರೂ ಐವತ್ತರ ಹತ್ರ ಬಂತು. ಇಂಜಿನ್ ಆಫ್ ಮಾಡಿ ಹಳದಿ ವೈರಿಗೂ ಚಾಸಿಗೂ ಬೀಪ್ ನೋಡಿದೆ, ಬೀಪ್ ಬರ್ಲಿಲ್ಲ, ಬರಲೂಬಾರದು. ಅಲ್ಲಿಗೆ ಕಾಯಿಲ್ ಸರಿ ಇದೆ. ಕಟೌಟಿಂದ ಬ್ಯಾಟ್ರಿ ಕಡೆ ಹೋಗೋ ಕಪ್ಲರ್ ತೆಗೆದು ನೋಡಿದ್ರೆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಬಾದಾಮಿ ಬಣ್ಣಕ್ಕೆ ತಿರುಗಿದೆ, ಹೆಣ್ಣು ಪಿನ್ನು ಬಾಯಿ ಅಗಲಿಸ್ಕೊಂಡು ಸಡಿಲ ಕೂತಿದೆ. ಕ್ಲೀನರ್ ಹೊಡೆದು ಬ್ರಷ್ಷಲ್ಲಿ ಉಜ್ಜಿ, ನೋಸ್ ಪ್ಲೈಯರಲ್ಲಿ ಪಿನ್ನನ್ನ ಮೆತ್ತಗೆ ಒತ್ತಿ ಬಿಗಿ ಮಾಡಿ ಹಾಕಿದೆ. 14.1.

ಕೊನೇದಾಗಿ ಗಾಡಿ ಆಫ್ ಇದ್ದಾಗ ಯಾರಾದ್ರೂ ಕದ್ದು ಕರೆಂಟ್ ಕುಡೀತಿದಾರಾ ನೋಡಿ. ಕೀ ತೆಗೆದು, ಬ್ಯಾಟ್ರಿ ಮೈನಸ್ ವೈರ್ ಕಳಚಿ, ಮೀಟರನ್ನ ಆಂಪಿಯರಿಗೆ ಇಟ್ಟು ಆ ವೈರಿಗೂ ಮೈನಸ್ ಪೋಸ್ಟಿಗೂ ನಡುವೆ ಸೇರಿಸಿ. ಮೊದಲು 10 ಆಂಪಿಯರ್ ಸಾಕೆಟ್ಟಲ್ಲೇ ನೋಡಿ, ಆಮೇಲೆ ಮಿಲಿ ಆಂಪಿಯರಿಗೆ ಬನ್ನಿ, ಈ ಹೊತ್ತಲ್ಲಿ ಕೀ ಆನ್ ಮಾಡೋದು, ಸೆಲ್ಫ್ ಒತ್ತೋದು ಮಾಡಿದ್ರೆ ಮೀಟರ್ ಫ್ಯೂಸ್ ಹೋಗತ್ತೆ. ಡಿಜಿಟಲ್ ಗಡಿಯಾರ ಇರೋ ಗಾಡೀಲಿ ಒಂದೆರಡು ಮಿಲಿ ಆಂಪಿಯರ್ ಹೋಗೋದು ಸಹಜ. 20 ಮಿಲಿ ಆಂಪಿಯರ್ ಹೋಗ್ತಿದ್ರೆ ದಿನಕ್ಕೆ ಅರ್ಧ ಆಂಪಿಯರ್ ಅವರ್, 9 ಆಂಪಿಯರ್ ಅವರಿನ ಬ್ಯಾಟ್ರಿ ಮೂರು ವಾರದೊಳಗೆ ಪೂರ್ತಿ ಖಾಲಿ. ಜಾಸ್ತಿ ತೋರ್ಸಿದ್ರೆ ಮೀಟರ್ ನೋಡ್ತಾ ಒಂದೊಂದೇ ಕಪ್ಲರ್ ಕಳಚಿ, ಯಾವುದು ಕಳಚಿದಾಗ ಇಳಿಯತ್ತೋ ಅದೇ ಕಳ್ಳ. ಸ್ಟೋರಿಂದ ತಂದು ಹಾಕ್ಸಿದ ಅಲಾರ್ಮು, ಮೊಬೈಲ್ ಚಾರ್ಜರ್ ಇದ್ರೆ ಅದನ್ನೇ ಮೊದಲು ಕಳಚಿ. ನಮ್ಮದ್ರಲ್ಲಿ 2 ಮಿಲಿ ಆಂಪಿಯರ್ ಬಂತು.

ಮಾರನೇ ದಿನ ಬೆಳಿಗ್ಗೆ ಬ್ಯಾಟ್ರಿ 12.7 ಇತ್ತು, ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯ್ತು, ಅಪ್ಪಯ್ಯ ಜಗಲಿಯಿಂದ ಎದ್ದು ಬಂದು ಹಿಂದೆ ಕೂತ್ರು, ಸಾಗರದ ಪೇಟೆ ತನಕ ಹೋಗಿ ಬಂದ್ವಿ. ಬೆಂಗಳೂರಿಗೆ ಹೊರಡೋ ಮುಂಚೆ ಬ್ಯಾಟ್ರಿ ಮೈನಸ್ ಕಳಚಿ ತುದಿಗೆ ಟೇಪ್ ಸುತ್ತಿಟ್ಟೆ, ಗಾಡೀನ ಅಡಿಕೆ ಚೀಲಗಳಿಂದ ದೂರ ಸರಿಸಿ ಸೆಂಟರ್ ಸ್ಟ್ಯಾಂಡ್ ಹಾಕಿದೆ, ತಿಂಗಳಿಗೊಂದು ಸಲ ಬ್ಯಾಟ್ರಿ ಚಾರ್ಜಿಗೆ ಹಾಕೋಕೆ ಚಿಕ್ಕ ಚಾರ್ಜರು ಅಮ್ಮನ ಹತ್ರ ಕೊಟ್ಟು ತೋರಿಸಿ ಬಂದಿದೀನಿ.